ಈರಬಸಪ್ಪನವರು ರಿಪೇರಿಗೆ ತಂದ ಲ್ಯಾಪ್‌ಟಾಪು

ನನಗೆ ಗೊತ್ತಿಲ್ಲ ಎಂದು ಹೇಳುವ ಧೈರ್ಯವನ್ನು ದೇವರು ಎಲ್ಲರಿಗೂ ಕೊಡುವುದಿಲ್ಲ. ಈರಬಸಪ್ಪನವರಿಗೆ ಕೊಡುವಾಗಲಂತೂ ಕೈ ತೀರಾ ಬಿಗಿ ಹಿಡಿದಿದ್ದ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೇಳೆಕಾಳಿನ ಸಗಟು ಪೇಢಿಯೊಂದರ ಹೆಡ್ ಕ್ಲಾರ್ಕ್ ಆಗಿದ್ದ ಅವರು, ಒಮ್ಮೆ ಕೆಟ್ಟು ನಿಂತ ಪ್ರಿಂಟರಿನ ಗುಂಡಿಯನ್ನು ಆರಿಸಿ ಮತ್ತೆ ಹಚ್ಚಿದ್ದರು. ಪ್ರಿಂಟರು ಓಡಿತು. ಅಂದಿನಿಂದ ಅವರಿಗೆ ಕಂಪ್ಯೂಟರ್ ತಜ್ಞರೆಂಬ ಹೆಸರು ಬಂತು. ಹೆಸರು ಕೊಟ್ಟವರೂ ಅವರೇ.

ಆ ಹೆಸರನ್ನು ಪೇಢಿಯಲ್ಲೇ ಬಿಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮೇ ತಿಂಗಳ ಒಂದು ಬುಧವಾರ ಸಂಜೆ ಅವರು ಅದನ್ನು ಹಡಪಸರಕ್ಕೆ, ಲೋಕನಾಥರ ಮನೆಗೆ ಹೊತ್ತುಕೊಂಡು ಹೋದರು.

ಲೋಕನಾಥರು ಉಡುಪಿ ಕಡೆಯವರು. ಹಡಪಸರದಲ್ಲಿ ಅವರದೊಂದು ಹೋಟೆಲು, ಹೋಟೆಲಿನ ಮೇಲೆಯೇ ಮನೆ. ಅವರ ಒಬ್ಬನೇ ಮಗ ರಕ್ಷಿತನೂ ಈರಬಸಪ್ಪನವರ ಒಬ್ಬಳೇ ಮಗಳು ದೀಪಾಲಿಯೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಎರಡೂ ಮನೆಯವರು ಕೂತು ಮಾತನಾಡಲೆಂದು ಗೊತ್ತುಮಾಡಿದ ಸಂಜೆ ಅದು. ಲೋಕನಾಥರು ಈ ಸಂಬಂಧ ಬೇಡ ಎನ್ನಲಿಲ್ಲ. ಹೋಟೆಲಿನವರು ಗಿರಾಕಿಗೆ ಇಲ್ಲ ಎನ್ನುವುದಿಲ್ಲ, ಸ್ವಲ್ಪ ತಡವಾಗುತ್ತದೆ ಎನ್ನುತ್ತಾರೆ. ರಕ್ಷಿತ ದಿನವೆಲ್ಲ ಲ್ಯಾಪ್‌ಟಾಪಿನಲ್ಲಿ ಯುದ್ಧದ ಆಟ ಆಡುತ್ತಿದ್ದ. ಪಗಾರ ಕೊಟ್ಟು ಆಟಗಾರರನ್ನು ಇಟ್ಟುಕೊಳ್ಳುವ ತಂಡವೊಂದು ಬರುವ ಭಾನುವಾರ ಮಧ್ಯಾಹ್ನ ಮೂರಕ್ಕೆ ಆಯ್ಕೆಯ ಪಂದ್ಯ ಇಟ್ಟಿತ್ತು. ಲೋಕನಾಥರ ಷರತ್ತು ಅದರ ಮೇಲೆ ನಿಂತಿತ್ತು.

"ಆಯ್ಕೆ ಆದ್ರೆ ಅವನ ದಾರಿ ಅವನಿಗೆ. ನಿಮ್ಮ ಹುಡುಗಿಯನ್ನೇ ಮಾಡಿಕೊಳ್ಳಲಿ, ನಾನೇ ಮುಂದೆ ನಿಂತು ಮದುವೆ ಮಾಡಿಸ್ತೇನೆ. ಆಗ್ಲಿಲ್ಲ ಅಂದ್ರೆ ಹೋಟೆಲಿನ ಗಲ್ಲೆಯಲ್ಲಿ ದುಡ್ಡೆಣಿಸ್ತಾ ಕೂರ್ಬೇಕು, ನನ್ನ ತಂಗಿ ಊರಲ್ಲಿ ನೋಡಿಟ್ಟ ಹುಡುಗಿಯನ್ನು ಕಟ್ಟಿಕೊಳ್ಬೇಕು. ಮಾತು ಅಂದ್ರೆ ಮಾತು."

ದೀಪಾಲಿಯ ಮುಖ ಸಣ್ಣದಾಯಿತು. ರಕ್ಷಿತ ಮಾತ್ರ "ಆಯ್ತು ಪಪ್ಪ" ಎಂದವನೇ, ತನ್ನ ಆಟ ಎಂಥದೆಂದು ಹುಡುಗಿಯ ಮನೆಯವರಿಗೆ ತೋರಿಸಲು ಲ್ಯಾಪ್‌ಟಾಪು ತೆರೆದ. ಸೈನಿಕನೊಬ್ಬ ಬಂದೂಕು ಹಿಡಿದು ಓಡಿದ, ಗೋಡೆ ಹಾರಿದ, ಇಬ್ಬರನ್ನು ಕೊಂದ. ಮೂರನೆಯವನನ್ನು ಕೊಲ್ಲುವಷ್ಟರಲ್ಲಿ ಒಳಗಿನ ಫ್ಯಾನು ಕಿರುಚಿಕೊಂಡು ಪರದೆ ಕಪ್ಪಾಯಿತು.

"ಆಡುವಾಗ ಬಿಸಿಯಾಗ್ತದೆ ಅಂಕಲ್, ತಾನೇ ಬಂದ್ ಆಗ್ತದೆ. ನಾಳೆ ಅಂಗಡಿಗೆ ಕೊಡ್ತೇನೆ. ಪಂದ್ಯದವರು ಇದನ್ನೇ ನೋಂದಾಯಿಸಿಕೊಂಡಿದ್ದಾರೆ, ಬೇರೆಯದರಲ್ಲಿ ಆಡ್ಲಿಕ್ಕೆ ಬಿಡುವುದಿಲ್ಲ" ಎಂದ ರಕ್ಷಿತ.

ಇಲ್ಲಿ ಈರಬಸಪ್ಪನವರು ಬಾಯಿ ತೆರೆದರು.

"ಅಂಗಡಿ ಯಾಕ ಬೇಕು? ನಾ ಅದೀನಲ್ಲ. ನಮ್ಮ ಪೇಢಿಯೊಳಗ ಎಷ್ಟು ಕಂಪ್ಯೂಟರ್ ಅದಾವ, ಅಷ್ಟೂ ನನ್ನ ಕೈಯಾಗ ಅದಾವ."

ಹೆಂಡತಿ ಕಲ್ಲವ್ವ ಮೇಜಿನ ಕೆಳಗೆ ಕಾಲಿನಿಂದ ತಿವಿದರು. ಆ ತಿವಿತ ತಪ್ಪಿ ಲೋಕನಾಥರಿಗೆ ತಾಗಿತು. ಆದರೂ ಲೋಕನಾಥರು ಕಾಫಿ ಲೋಟ ಕೆಳಗಿಟ್ಟು, ಆ ಸಂಜೆ ಮೊದಲ ಸಲ ಮನಸಾರೆ ನಕ್ಕರು.

"ಹೌದಾ? ಗೊತ್ತಿರ್ಲಿಲ್ಲ ಮಾರಾಯ್ರೆ. ಇಷ್ಟು ತಿಳಿದವರು ಎದುರಿಗೇ ಇರುವಾಗ ಅಂಗಡಿ ಎಂತಕ್ಕೆ" ಎಂದು ತಾವೇ ಎದ್ದು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಈರಬಸಪ್ಪನವರ ಕೈಗಿತ್ತರು. ಹುಡುಗಿಯ ತಂದೆ ಕೇಳಿದ್ದನ್ನು ಕೊಡುವುದಿಲ್ಲ ಎನ್ನಲು ರಕ್ಷಿತನಿಗೆ ನಾಲಿಗೆ ಏಳಲಿಲ್ಲ.

ಸದಾಶಿವ ಪೇಠಿನ ತಮ್ಮ ಮನೆಗೆ ರಿಕ್ಷಾದಲ್ಲಿ ಹಿಂತಿರುಗಿದರು. ಇಳಿಯುವಾಗ ದೀಪಾಲಿ ಕೇಳಿದಳು.

"ಅಪ್ಪಾ, ಖರೇ ಹೇಳ್ರಿ. ನಿಮಗ ಇದು ರಿಪೇರಿ ಮಾಡ್ಲಿಕ್ಕೆ ಬರ್ತದೇನು?"

"ಬರದ ಏನವ್ವಾ? ಯಂತ್ರ ಅಂದ್ರ ಯಂತ್ರ" ಎಂದರು ಈರಬಸಪ್ಪನವರು. ಹಾಗೆ ಹೇಳುತ್ತಲೇ ಮಗಳ ಮುಖ ನೋಡದೆ ಮೆಟ್ಟಿಲೇರಿದರು.

ಕಲ್ಲವ್ವನವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಆದರೆ ಮಂದಿಯ ಸಾಮಾನು ಮನೆಗೆ ಬಂದರೆ ಅದನ್ನು ಹೇಗಿಡಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಹಳೆಯ ಇಲಕಲ್ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯನ್ನು ಮಡಿಸಿ ಮೇಜಿನ ಮೇಲೆ ಹಾಸಿ, ಲ್ಯಾಪ್‌ಟಾಪನ್ನು ಅದರ ಮೇಲೆ ಮೆತ್ತಗೆ ಕೂರಿಸಿದರು. ಕೆಳಗಿನಿಂದ ಗಾಳಿ ಎಳೆದುಕೊಳ್ಳುವ ಜಾಲರಿ ಕೌದಿಯಲ್ಲಿ ಹೂತುಹೋಯಿತು. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಬಂದು, ಗಂಡ ಹಚ್ಚಿಟ್ಟಿದ್ದ ಲ್ಯಾಪ್‌ಟಾಪಿನ ಸುತ್ತ ಕೈಯಾಡಿಸಿ ನೋಡಿದರು. ಬದಿಯ ಸಂದುಗಳಲ್ಲಿ ಬಿಸಿ ಹತ್ತಿತು.

"ಬ್ಯಾನಿ ಇಲ್ಲೇ ಅದ ನೋಡ್ರಿ" ಎಂದರು.

ಬೇನೆ ಇದ್ದಲ್ಲಿ ವಿಭೂತಿ ಹಚ್ಚುವುದು ಅವರ ತವರಿನ ಪದ್ಧತಿ. ತಲೆಶೂಲೆಗೆ ಹಣೆ, ಹೊಟ್ಟೆಶೂಲೆಗೆ ಹೊಟ್ಟೆ. ಲ್ಯಾಪ್‌ಟಾಪಿಗೆ ಬೇರೆ ಕಾನೂನು ಇರಲು ಕಾರಣವಿರಲಿಲ್ಲ. ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ನುಣ್ಣಗೆ ಪುಡಿಮಾಡಿ, ಎರಡೂ ಬದಿಯ ಸಂದುಗಳಿಗೆ ಹೆಬ್ಬೆರಳಿನಿಂದ ಭಕ್ತಿಯಿಂದ ಒತ್ತಿದರು. ಪುಡಿ ಒಳಗಿಳಿಯಿತು. ದೇವರು ಸ್ವೀಕರಿಸಿದ ಎಂದುಕೊಂಡು, ಸಂಜೆ ಇನ್ನಷ್ಟು ಹಚ್ಚಿದರು.

"ಭಾಳ ಛಲೋ ಮಾಡಿದಿ" ಎಂದರು ತಜ್ಞರು.

ತಜ್ಞರು ಪೇಢಿಗೆ ರಜೆ ಹಾಕಿ ಪರೀಕ್ಷೆಗೆ ಕೂತಿದ್ದರು. ರಕ್ಷಿತ ತೋರಿಸಿಕೊಟ್ಟಿದ್ದಂತೆ ಆಟದೊಳಗಿನ ಅಭ್ಯಾಸದ ಬಯಲನ್ನು ತೆರೆದರು. ಬಂದೂಕು ಹಿಡಿದ ಸೈನಿಕ ಉರಿಬಿಸಿಲಿನ ಮರುಭೂಮಿಯಲ್ಲಿ ನಿಂತಿದ್ದ. ಈರಬಸಪ್ಪನವರು ಅವನನ್ನೂ ಮೇಲಿನ ಸೂರ್ಯನನ್ನೂ ಬಹಳ ಹೊತ್ತು ನೋಡಿದರು.

"ಹಿಂಗ ಬಿಸಿಲಾಗ ನಿಂತ್ರ ಕಾಯದ ಏನಾಗ್ತದ?"

ಸೈನಿಕನನ್ನು ಅತ್ತ ಇತ್ತ ಎಡವಿಸುತ್ತ ಒಂದು ಮುರುಕು ಗೋಡೆಯ ನೆರಳಿಗೆ ತಂದು ನಿಲ್ಲಿಸಿದರು. ಅವನು ಓಡಲಿಲ್ಲ, ಗುಂಡು ಹಾರಿಸಲಿಲ್ಲ, ಸುಮ್ಮನೆ ನಿಂತ. ಯಂತ್ರಕ್ಕೂ ಕೆಲಸ ಕಡಿಮೆಯಾಗಿ ಸ್ವಲ್ಪ ಹೆಚ್ಚು ಹೊತ್ತು ನಡೆಯಿತು. ದೋಷ ಸಿಕ್ಕಿತೆಂದು ಈರಬಸಪ್ಪನವರು ಕಲ್ಲವ್ವನನ್ನು ಕೂಗಿ ಕರೆಯುವಷ್ಟರಲ್ಲಿ, ಸೈನಿಕ, ಗೋಡೆ, ನೆರಳು ಮೂರೂ ಕಪ್ಪಾದವು.

ಶುಕ್ರವಾರ ಅವರು ಗಾಳಿಯ ಚಿಕಿತ್ಸೆಗೆ ಕೈಹಾಕಿದರು. ಎಡಕ್ಕೆ ಕೂಲರ್, ಬಲಕ್ಕೆ ಟೇಬಲ್ ಫ್ಯಾನ್, ನಡುವೆ ಲ್ಯಾಪ್‌ಟಾಪು, ಮೂರಕ್ಕೂ ಸೇರಿ ಒಂದೇ ಬೋರ್ಡು. ಗುಂಡಿ ಒತ್ತಿದ ಕೂಡಲೇ ಕೂಲರ್ ಒಮ್ಮೆ ಗುಡುಗಿತು. ಎಲ್ಲೋ ಕೆಳಗೆ ಪಟ್ ಎಂದು ಶಬ್ದವಾಯಿತು. ಇಡೀ ಕಟ್ಟಡದ ಕರೆಂಟು ಹೋಯಿತು.

ಕಟ್ಟಡದ ಸೊಸೈಟಿಗೆ ಅಂಬಾದಾಸರು ಕಾರ್ಯದರ್ಶಿ. ನಿವೃತ್ತರು, ಸೊಲ್ಲಾಪುರದಲ್ಲಿ ಬೆಳೆದವರಾದ್ದರಿಂದ ಕನ್ನಡ ಬರುತ್ತಿತ್ತು. ಅವರು ಬನಿಯನ್ನಿನಲ್ಲಿ ಟಾರ್ಚು ಹಿಡಿದು ಮೇಲೆ ಬಂದು, ಕೂಲರನ್ನು ನೋಡಿದರು, ಫ್ಯಾನನ್ನು ನೋಡಿದರು, ಕೌದಿಯ ಮೇಲೆ ವಿಭೂತಿ ಹಚ್ಚಿಕೊಂಡು ಕೂತ ಲ್ಯಾಪ್‌ಟಾಪನ್ನು ನೋಡಿದರು.

"ಅಹೋ ಈರಬಸಪ್ಪ, ಇದು ಏನು ನಡೆಸೀರಿ?"

"ಬಿಸಿ ಆಗೇದರಿ. ತಂಪು ಮಾಡ್ಲಿಕ್ಹತ್ತೀನಿ."

"ಇದನ್ನ ತಂಪು ಮಾಡ್ಲಿಕ್ಕೆ ಮೂರು ಮಜಲಿನ ಮಂದಿ ಬಿಸಿ ಆಗಬೇಕೇನು?"

ಬೆಳಗಾಗುವುದರೊಳಗೆ ಮೆಟ್ಟಿಲ ಬಳಿಯ ಸೂಚನಾ ಹಲಗೆಯ ಮೇಲೆ ಅಂಬಾದಾಸರ ದುಂಡಗಿನ ಮರಾಠಿ ಅಕ್ಷರಗಳು ಬಿದ್ದಿದ್ದವು. ಮೊದಲ ಮಹಡಿಯವರು ಯಂತ್ರಕ್ಕೆ ಗಾಳಿ ಹಾಕಲು ಕೂಲರ್, ಟೇಬಲ್ ಫ್ಯಾನ್ ಬಳಸಿದರೆ ವೈರು ಕತ್ತರಿಸಲಾಗುವುದು, ಕತ್ತರಿ ಸಿದ್ಧವಿದೆ ಎಂದು ಅದರ ಅರ್ಥ. ಹಾಲಿನವನಿಂದ ಹಿಡಿದು ಎಲ್ಲರೂ ಅದನ್ನು ಓದಿ ಮೊದಲ ಮಹಡಿಯ ಬಾಗಿಲ ಕಡೆ ಒಮ್ಮೆ ನೋಡಿಯೇ ಮುಂದೆ ಹೋದರು.

ಶನಿವಾರ ಹೊತ್ತು ಏರಿದಂತೆ ಲ್ಯಾಪ್‌ಟಾಪು ಇನ್ನೂ ಹದಗೆಟ್ಟಿತು. ಸೈನಿಕ ನೆರಳಿಗೆ ಹೋಗುವುದಕ್ಕೂ ಬಿಡುವು ಕೊಡದೆ ಆರಿಹೋಗತೊಡಗಿತು. ಕಲ್ಲವ್ವ ಆತಂಕದಿಂದ ಮಧ್ಯಾಹ್ನವೂ ವಿಭೂತಿ ಹಚ್ಚಿದರು. ಮೇಲಿನ ಮನೆಯವರು ಹೇಳಿದರೆಂದು ಈರಬಸಪ್ಪನವರು ಅದನ್ನು ಫ್ರಿಜ್ಜಿನಲ್ಲಿಡಲು ಒಂದು ಖಾನೆ ಖಾಲಿ ಮಾಡಿಸಿದ್ದರು. ಕೆಲಸ ಮುಗಿಸಿ ಬಂದ ದೀಪಾಲಿ, ಸೊಪ್ಪಿನ ಪಕ್ಕಕ್ಕೆ ಹೋಗುತ್ತಿದ್ದ ಲ್ಯಾಪ್‌ಟಾಪನ್ನು ತಂದೆಯ ಕೈಯಿಂದ ತೆಗೆದುಕೊಂಡಳು.

"ಅಪ್ಪಾ, ನಾ ನಿಮಗ ಇವತ್ತಿನ ತನಕಾ ಏನೂ ಬೇಡಿಲ್ಲ. ನಾಳೆ ಇದು ನಡೀದಿದ್ರ ನನ್ನ ಲಗ್ನ ನಡೆಯೂದಿಲ್ಲ. ಅಂಗಡಿಗೆ ಕೊಡೂಣ್ರಿ. ಕೈ ಮುಗೀತೀನಿ."

ಮಗಳ ಕಣ್ಣಲ್ಲಿ ನೀರು ನೋಡಿ ಈರಬಸಪ್ಪನವರು ಫ್ರಿಜ್ಜಿನ ಬಾಗಿಲು ಮುಚ್ಚಿದರು. "ಈಗ ಹೊತ್ತಾಗೇದ, ಮುಂಜಾನೆದ್ದು ನಾನಾ ಒಯ್ತೀನಿ" ಎಂದು ಮಾತು ಕೊಟ್ಟರು.

ಮಾತು ಉಳಿಸಿಕೊಳ್ಳುತ್ತಿದ್ದರು. ಆದರೆ ಭಾನುವಾರ ಬೆಳಗಿನ ತಂಪಿನಲ್ಲಿ ಚೀಲಕ್ಕೆ ಹಾಕುವ ಮುಂಚೆ ಕೊನೆಯ ಸಲ ಹಚ್ಚಿ ನೋಡಿದರು. ಸೈನಿಕ ನಿಂತ. ನಿಂತೇ ನಿಂತ. ಈರಬಸಪ್ಪನವರು ಸ್ನಾನ ಮಾಡಿ ಬಂದರು, ಉಪ್ಪಿಟ್ಟು ತಿಂದರು, ಅವನು ಗೋಡೆಯ ನೆರಳಿನಲ್ಲಿ ನಿಂತೇ ಇದ್ದ. ಕೆಟ್ಟ ಕಾಲಕ್ಕೆ ಕೆಟ್ಟ ಬುದ್ಧಿ ಎನ್ನುತ್ತಾರಲ್ಲ, ಅದು ಆ ಹೊತ್ತಿಗೆ ಬಂತು. ಅವರು ಲೋಕನಾಥರಿಗೆ ಫೋನ್ ಹಚ್ಚಿದರು.

"ರಿಪೇರಿ ಆತ್ರಿ. ಇಲ್ಲೇ ಬಂದು ಆಡ್ಲಿ. ನಾ ಮಗ್ಗಲದಾಗ ಇರ್ತೀನಿ, ಕಾಳಜಿ ಬ್ಯಾಡ."

ಆ ಕಡೆ ಹೋಟೆಲಿನ ಪಾತ್ರೆಗಳ ಸದ್ದು. ಅದರ ನಡುವೆ ಲೋಕನಾಥರು, "ಆಯ್ತಾ? ನಿಜವಾಗಿ ಆಯ್ತಾ?" ಎಂದು ಕೇಳಿ, "ನಾನೂ ಬರ್ತೇನೆ" ಎಂದರು.

ಮಧ್ಯಾಹ್ನ ಒಂದಕ್ಕೆ ಸದಾಶಿವ ಪೇಠಿನ ಡಾಂಬರು ಕಾಲಿಗೆ ಅಂಟುವಷ್ಟು ಬಿಸಿಲಾಯಿತು. ದೀಪಾಲಿ ಸೈನಿಕನನ್ನು ನೆರಳಿನಿಂದ ಎಬ್ಬಿಸಿ, ನಿಜವಾದ ಆಟ ಆಡುವವರಂತೆ ಓಡಿಸಿ ನೋಡಿದಳು. ಅವನು ಹತ್ತು ಹೆಜ್ಜೆ ಹೋದನೋ ಇಲ್ಲವೋ, ಪರದೆ ಕಪ್ಪಾಯಿತು. ಈ ಸಲ ಗುಂಡಿ ಒತ್ತಿದರೂ ಬೆಳಕು ಬರಲಿಲ್ಲ.

ಈರಬಸಪ್ಪನವರು ಚೀಲ ಎತ್ತಿಕೊಂಡು ಬರಿಗಾಲಲ್ಲಿ ಬಾಗಿಲಿಗೆ ಹೋದರು.

"ಎಲ್ಲಿಗ್ರೀ? ಒಂದು ಹೊಡೀತು" ಎಂದರು ಕಲ್ಲವ್ವ.

ಈರಬಸಪ್ಪನವರು ಅಲ್ಲೇ ನಿಂತರು. ಸದಾಶಿವ ಪೇಠಿನ ಅಂಗಡಿಗಳು ಒಂದರಿಂದ ನಾಲ್ಕರವರೆಗೆ ನಿದ್ದೆ ಮಾಡುತ್ತವೆ. ಅಲ್ಲಿ ಹುಟ್ಟುವುದು, ಸಾಯುವುದು, ಮದುವೆಯಾಗುವುದು ಎಲ್ಲವೂ ನಾಲ್ಕರ ಮೇಲೆ. ಪಂದ್ಯ ಮೂರಕ್ಕೆ.

ದೀಪಾಲಿ ಅಳಲಿಲ್ಲ. ತಂದೆ ಮಾಡಬೇಕಾಗಿದ್ದನ್ನು ತಾನೇ ಮಾಡಲು ಲ್ಯಾಪ್‌ಟಾಪನ್ನು ಎತ್ತಿ ಬೋರಲು ಹಾಕಹೋದಳು.

"ಪೂಜಿ ಮಾಡಿದ್ದನ್ನ ಬೋರಲು ಹಾಕಬಾರದವ್ವಾ" ಎಂದು ಕಲ್ಲವ್ವ ಕೈ ಹಿಡಿದರು.

"ಬಿಡವ್ವಾ" ಎಂದಳು ದೀಪಾಲಿ. ಆ ದನಿಗೆ ಕಲ್ಲವ್ವನ ಕೈ ತಾನೇ ಬಿಟ್ಟಿತು. ಲ್ಯಾಪ್‌ಟಾಪು ಮಗುಚಿಕೊಂಡಿತು. ಸಂದುಗಳಿಂದ ಬಿಳಿ ಬೂದಿ ಮೇಜಿನ ಮೇಲೆ ಸುರಿಯಿತು, ಜಾಲರಿಯ ತುಂಬ ಕೌದಿಯ ನೂಲಿನ ಎಳೆಗಳು ಮುತ್ತಿಕೊಂಡಿದ್ದವು. 

"ಅಯ್ಯ ಶಿವನ, ನಾನಾ ನನ್ನ ಮಗಳ ಲಗ್ನಕ್ಕ ಬೂದಿ ತುಂಬಿದ್ನಲ್ಲ" ಎಂದು ಕಲ್ಲವ್ವ ನೆಲದ ಮೇಲೆ ಕೂತುಬಿಟ್ಟರು.

"ನಿನ್ನ ತಪ್ಪಲ್ಲ. ಛಲೋ ಮಾಡಿದಿ ಅಂದಾಂವ ನಾನು" ಎಂದರು ಈರಬಸಪ್ಪನವರು. ಮದುವೆಯಾದ ಮೇಲೆ ಅವರು ತಪ್ಪು ತಮ್ಮದೆಂದದ್ದು ಅದೇ ಮೊದಲು. ಕಲ್ಲವ್ವ ಅಳು ನಿಲ್ಲಿಸಿ ಗಂಡನನ್ನು ನೋಡಿದರು.

ದೀಪಾಲಿ ಊದಿ ನೋಡಿದಳು. ಬಾಯಿಯ ಗಾಳಿ ಅಷ್ಟು ಒಳಗೆ ಹೋಗಲಿಲ್ಲ. "ಜೋರು ಗಾಳಿ ಬೇಕು. ಸೈಕಲ್ ಪಂಪ್ ಇದ್ರ ಸಾಕು" ಎಂದಳು. ಕಟ್ಟಡದಲ್ಲಿ ಇನ್ನೂ ಸೈಕಲ್ ಹೊಡೆಯುತ್ತಿದ್ದವರು ಒಬ್ಬರೇ. ಅವರು ಅಂಬಾದಾಸರು.

ಅಂಬಾದಾಸರ ಬಾಗಿಲಿಗೂ ಒಂದು ಹಲಗೆ ಇತ್ತು. ಒಂದರಿಂದ ನಾಲ್ಕು ವಿಶ್ರಾಂತಿ, ಕಟ್ಟಡಕ್ಕೆ ಬೆಂಕಿ ಬಿದ್ದರೆ ಅಗ್ನಿಶಾಮಕದವರನ್ನು ಕರೆಯುವುದು, ನನ್ನನ್ನಲ್ಲ ಎಂದು ಅದರಲ್ಲಿತ್ತು. ಇಪ್ಪತ್ತು ವರ್ಷಗಳಲ್ಲಿ ಆ ಹೊತ್ತಿನಲ್ಲಿ ಆ ಗಂಟೆ ಒತ್ತಿದವರಿರಲಿಲ್ಲ. ಈರಬಸಪ್ಪನವರು ಒತ್ತಿದರು. ಒಳಗೆ ಗೊರಕೆ ನಿಂತಿತು. ಮೇಲಿನ ಮಹಡಿಯ ಬಾಗಿಲೊಂದು ಸಣ್ಣಗೆ ತೆರೆದು, ಏನಾಗುತ್ತದೆಂದು ನೋಡಲು ಯಾರೋ ತಲೆ ಹಾಕಿದರು.

ಅಂಬಾದಾಸರು ಬಾಗಿಲು ತೆರೆದರು. ಬೆರಳಿನಿಂದ ಹಲಗೆಯನ್ನು ತೋರಿಸಿದರು.

"ಓದೀನ್ರಿ. ಸೈಕಲ್ ಪಂಪ್ ಬೇಕಾಗೇದ."

"ನಾಲ್ಕರ ಮ್ಯಾಲೆ ಬರ್ರಿ."

"ಅಂಬಾದಾಸರ, ನನಗ ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿಲ್ರಿ. ಬರ್ತದಂತ ಸುಳ್ಳು ಹೇಳಿ ಮಂದಿ ಯಂತ್ರ ಕೆಡಿಸೀನಿ. ಮೂರಕ್ಕ ಅದು ನಡೀದಿದ್ರ ಮಗಳ ಲಗ್ನ ಮುರೀತದ."

ಅಂಬಾದಾಸರು ಹಲಗೆ ತೋರಿಸುತ್ತಿದ್ದ ಬೆರಳನ್ನು ಇಳಿಸಿದರು. ಒಳಗೆ ಹೋಗಿ ಪಂಪು ತಂದರು. ಕೊಟ್ಟು ಮಲಗಬಹುದಾಗಿತ್ತು, ಅದರ ಬದಲು ಅಂಗಿ ಹಾಕಿಕೊಂಡು ಹಿಂದೆಯೇ ಬಂದರು.

ದೀಪಾಲಿ ನಳಿಗೆಯನ್ನು ಸಂದಿಗೆ ಹಿಡಿದಳು. ಈರಬಸಪ್ಪನವರು ಮೊಣಕಾಲಿನ ಮೇಲೆ ಕೂತು ಪಂಪು ಹೊಡೆದರು. ಆ ಸಂದಿನಿಂದ ಹೊಡೆದರೆ ಈ ಸಂದಿನಿಂದ ಬೂದಿ ಹಾರಿತು. ಅಂಬಾದಾಸರ ಮುಖ, ಅಂಗಿ, ಮೀಸೆ ಎಲ್ಲ ಬಿಳಿಯಾಗಿ, ಅವರು ಒಂದೇ ಸಮನೆ ಸೀನತೊಡಗಿದರು. ಕಲ್ಲವ್ವ ಕೂದಲಿನ ಪಿನ್ನಿನಿಂದ ನೂಲಿನ ಎಳೆಗಳನ್ನು ಒಂದೊಂದಾಗಿ ತೆಗೆದರು. ಕೌದಿಯನ್ನು ಮಡಿಸಿ ಒಳಗಿಟ್ಟು, ಲ್ಯಾಪ್‌ಟಾಪಿನ ಕೆಳಗೆ ಗಾಳಿಯಾಡಲೆಂದು ನಾಲ್ಕು ಮೂಲೆಗೆ ನಾಲ್ಕು ಚಹದ ಬಟ್ಟಲು ಬೋರಲಿಟ್ಟರು. ದೀಪಾಲಿ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿ ಹಿಡಿದಳು. ಬೆಳಕು ಬಂತು. ಅದೇ ಹೊತ್ತಿಗೆ ಬಾಗಿಲ ಗಂಟೆ ಸದ್ದು ಮಾಡಿತು.

ರಕ್ಷಿತ ನೇರವಾಗಿ ಬಂದು ಲ್ಯಾಪ್‌ಟಾಪಿನ ಮುಂದೆ ಕೂತ. ಪಂದ್ಯದವರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಆಟಗಾರನ ಹಿಂದೆ ಮುಂದೆ ಯಾರೂ ಕಾಣಿಸಬಾರದು ಎಂದ. ದೀಪಾಲಿಯೂ ಕಲ್ಲವ್ವನೂ ಅಡುಗೆಮನೆಗೆ ಸರಿದರು. ಅಂಬಾದಾಸರು ಸೀನು ತಡೆಯಲಾರದೆ ಮೆಟ್ಟಿಲಿಗೆ ಹೋಗಿ ಕೂತರು. ಲೋಕನಾಥರು ಬಿಳಿ ಅಂಗಿಯಲ್ಲಿ ಬಾಗಿಲ ಬಳಿ ನಿಂತು, ಉರಿಯುತ್ತಿರುವ ಪರದೆಯನ್ನು ನಂಬಲಾರದವರಂತೆ ನೋಡಿದರು. ಆಮೇಲೆ ಈರಬಸಪ್ಪನವರನ್ನು ಪಕ್ಕಕ್ಕೆ ಕರೆದರು.

"ಹೇಗೆ ಸರಿಮಾಡಿದ್ರಿ ಮಾರಾಯ್ರೆ? ಕೇಳುವಾಗ ಬೇಜಾರು ಮಾಡ್ಬೇಡಿ. ನಿಮ್ಮ ಕೈಗೆ ಕೊಟ್ರೆ ಆಗ್ಲಿಕ್ಕೇ ಇಲ್ಲ ಅಂತ ನನಗೆ ಧೈರ್ಯ ಇತ್ತು. ಅದಕ್ಕೇ ಕೊಟ್ಟದ್ದು."

ಈರಬಸಪ್ಪನವರಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾವು ಜಂಬದಿಂದ ಕೇಳಿದ್ದನ್ನು ಆತ ನಂಬಿ ಕೊಟ್ಟಿದ್ದಾನೆ ಎಂದುಕೊಂಡಿದ್ದರು. ಪಂದ್ಯ ತಪ್ಪಲೆಂದು, ನಂಬದೆ ಇದ್ದುದಕ್ಕೇ ಕೊಟ್ಟಿದ್ದ. ಆತ ಹೇಳಿದ್ದು ನಿಜವೇ ಆಗಿತ್ತು. ಅಷ್ಟರಲ್ಲಿ ಪಂದ್ಯ ಶುರುವಾಯಿತು.

ಮೊದಲ ಸುತ್ತಿನಲ್ಲಿ ರಕ್ಷಿತನ ಸೈನಿಕ ಬಿಸಿಲಲ್ಲಿ ಓಡಿದ, ಹಾರಿದ, ಕೊಂದ. ಎರಡನೆಯ ಸುತ್ತಿಗೆ ಲ್ಯಾಪ್‌ಟಾಪಿನ ಫ್ಯಾನು ಜೋರಾಯಿತು. ಮನೆಯ ಗಾಳಿಯೇ ಕಾದಿತ್ತು, ಟೇಬಲ್ ಫ್ಯಾನು ಹಚ್ಚಿದರೆ ಮತ್ತೆ ಕರೆಂಟು ಹೋಗುವ ಭಯ. ಈರಬಸಪ್ಪನವರು ಆ ಸದ್ದನ್ನು ಚೆನ್ನಾಗಿ ಬಲ್ಲರು. ಅವರು ಬೀಸಣಿಕೆ ಹಿಡಿದು ಅಂಬೆಗಾಲಿಕ್ಕುತ್ತ ಕ್ಯಾಮೆರಾಕ್ಕೆ ಕಾಣದಂತೆ ಮೇಜಿನ ಕೆಳಗೆ ಹೋಗಿ, ಅಂಚಿನಿಂದ ಕೈ ಚಾಚಿ ಬೀಸತೊಡಗಿದರು. ಪಂಪು ಹೊಡೆದ ಭುಜ ಮೊದಲೇ ಕಳಚಿ ಬೀಳುವಂತಿತ್ತು. ಕೊನೆಯ ಸುತ್ತಿಗೆ ಬರುವಾಗ ಕೈ ಮೇಲೇಳಲೇ ಇಲ್ಲ. ಫ್ಯಾನು ಕಿರುಚತೊಡಗಿತು. ಪರದೆ ಒಮ್ಮೆ ತೊದಲಿ ಮುಂದೆ ಹೋಯಿತು. ರಕ್ಷಿತ ಪಂದ್ಯದಿಂದ ಕಣ್ಣು ತೆಗೆಯದೆ ಮೆಲ್ಲಗೆ, "ಪಪ್ಪ" ಎಂದ.

ಅವನು ಯಾಕೆ ಕರೆದನೋ ಅವನಿಗೂ ಗೊತ್ತಿರಲಿಕ್ಕಿಲ್ಲ. ಚಿಕ್ಕಂದಿನಲ್ಲಿ ಬಿದ್ದಾಗ ಕರೆಯುತ್ತಿದ್ದ ದನಿ ಅದು. ಬಾಗಿಲ ಬಳಿ ನಿಂತಿದ್ದ ಲೋಕನಾಥರು ಆಚೀಚೆ ನೋಡಿದರು. ಆಮೇಲೆ ಪ್ಯಾಂಟನ್ನು ಮೊಣಕಾಲವರೆಗೆ ಎತ್ತಿ, ತಮ್ಮ ಭಾರಿ ದೇಹವನ್ನು ಮ್ಯಾಟಿನ ಮೇಲೆ ಇಳಿಸಿ, ಮೇಜಿನ ಕೆಳಗೆ ತೂರಿದರು.

"ಬದಿಗೆ ಸರಿಯಿರಿ. ನೀವು ಬೀಸಿದ್ರೆ ನೊಣ ಸಹ ಏಳ್ಲಿಕ್ಕಿಲ್ಲ" ಎಂದು ಪಿಸುಗುಟ್ಟಿ ಬೀಸಣಿಕೆ ಕಿತ್ತುಕೊಂಡರು.

ಲೋಕನಾಥರು ಊರು ಬಿಟ್ಟು ಪುಣೆಗೆ ಬಂದ ಕಾಲದಲ್ಲಿ ಅವರ ಮೊದಲ ಕೆಲಸ ಹೋಟೆಲಿನ ಇದ್ದಿಲು ಒಲೆಗೆ ಬೀಸುವುದು. ಒಲೆ ಹೊತ್ತಿಸಲು ಕಲಿತ ಆ ಕೈ ಈಗ ಆರಿಸಲು ಬೀಸಿತು. ಮೊಣಕೈ ಅಲುಗದೆ ಮಣಿಕಟ್ಟು ಮಾತ್ರ ಸರಸರನೆ ಓಡಿತು. ಮೇಜಿನ ಕೆಳಗೆ ಇಬ್ಬರು ಗಂಡಸರು ಮೈಗೆ ಮೈ ತಾಗಿಸಿ, ಬೆವರು ಸುರಿಸುತ್ತ, ಮೇಲೆ ಆಗುತ್ತಿದ್ದ ಗುಂಡಿನ ಸದ್ದನ್ನು ಕೇಳಿದರು. ಫ್ಯಾನಿನ ಕಿರುಚು ಸಣ್ಣಗಾಯಿತು. ಪರದೆ ಆರಲಿಲ್ಲ.

ಗುಂಡಿನ ಸದ್ದು ನಿಂತಿತು. ಲ್ಯಾಪ್‌ಟಾಪಿನೊಳಗಿನಿಂದ ಯಾರೋ ಹಿಂದಿಯಲ್ಲಿ, ರಕ್ಷಿತ, ನೀನು ತಂಡದಲ್ಲಿದ್ದೀಯ ಎಂದರು. ರಕ್ಷಿತ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಅಡುಗೆಮನೆಯಿಂದ ದೀಪಾಲಿ, ಅವಳ ಹಿಂದೆ ಕಲ್ಲವ್ವ ಹೊರಗೆ ಬಂದರು. ಎಲ್ಲರೂ ಲೋಕನಾಥರ ಕಡೆ ನೋಡಿದರು. ಅವರು ಮೇಜಿನ ಕೆಳಗೆ ಇನ್ನೂ ಬೀಸುತ್ತಲೇ ಇದ್ದರು.

ಕಲ್ಲವ್ವ ಬಗ್ಗಿ, "ಸಾಕ್ರಿ ಬೀಗರ, ಮುಗೀತು. ಮ್ಯಾಲೆ ಏಳ್ರಿ" ಎಂದರು.

ಆ ಶಬ್ದ ಅವರ ಬಾಯಿಂದ ತಾನಾಗಿ ಬಂದಿತ್ತು. ಬೀಸಣಿಕೆ ನಿಂತಿತು. ಈರಬಸಪ್ಪನವರು ಮೇಜಿನ ಕಾಲನ್ನು ಹಿಡಿದುಕೊಂಡರು. ದೀಪಾಲಿ ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡಿದಳು. ಸೋತವರ ಮುಖ ಹೊತ್ತಿದ್ದ ಲೋಕನಾಥರು ಅಂಗೈಯನ್ನು ಲ್ಯಾಪ್‌ಟಾಪಿನ ತಳಕ್ಕೆ ತಾಗಿಸಿ ನೋಡಿದರು.

"ನಿಲ್ಲಿ ಬೀಗಿತಿಯವರೇ, ಇನ್ನೂ ಸ್ವಲ್ಪ ಬಿಸಿ ಉಂಟು" ಎಂದು ಮತ್ತೆ ಬೀಸತೊಡಗಿದರು.

ಕಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಸಕ್ಕರೆ ತರಲು ಒಳಗೆ ಹೋದರು.